ಅರವತ್ತಮೂರನೇ ಚೀಟಿ

ಹೋದ ತಿಂಗಳು ನಮ್ಮಕ್ಕನ ಮಗಳ ಮದುವೆ ವಿಜಯನಗರದ ಒಂದು ಹಳೇ ಛತ್ರದಲ್ಲಿ ನಡೆಯಿತು. ಲಗ್ನಪತ್ರಿಕೆಯಲ್ಲಿ ಛತ್ರದ ಹೆಸರು ನೋಡಿದಾಗಲೇ ಹೋಗಬಾರದು ಅನ್ನಿಸಿತು. ತಪ್ಪಿಸಿಕೊಳ್ಳಲು ನೆಪ ಹುಡುಕಿದೆ, ಸಿಗಲಿಲ್ಲ. ವರಪೂಜೆಯ ದಿನ ಮಧ್ಯಾಹ್ನವೇ ಹೋದೆ. ಬಾಗಿಲು ದಾಟುತ್ತಲೇ ಅದೇ ವಾಸನೆ: ಒದ್ದೆ ಕಾರ್ಪೆಟ್ಟು, ಫಿನಾಯಿಲು, ಹಿಂದಿನ ಮದುವೆಯವರು ಬಿಟ್ಟುಹೋದ ಬಾಡಿದ ಹೂವು. ವೇದಿಕೆಯ ಮೇಲೆ ವಯಸ್ಸಾದವರೊಬ್ಬರು ಸ್ಟೂಲು ಹತ್ತಿ ನಿಂತು, ಥರ್ಮಾಕೋಲಿನಲ್ಲಿ ಕತ್ತರಿಸಿದ ಅಕ್ಷರಗಳನ್ನು ಪರದೆಗೆ ಗುಂಡುಪಿನ್ನು ಹಾಕಿ ಚುಚ್ಚುತ್ತಿದ್ದರು. ಹುಡುಗಿಯ ಹೆಸರು ಮುಗಿದಿತ್ತು. ಹುಡುಗನ ಹೆಸರಿನ ಎರಡಕ್ಷರ ಇನ್ನೂ ಕೈಯಲ್ಲಿತ್ತು.

ಅವರು ತಿರುಗಿ ನೋಡಿದರು. ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಅಂಗೈಗೆ ಹಾಕಿಕೊಂಡರು.

"ಚೀಟಿ ಮೇಡಮ್ ಅಲ್ವಾ ನೀವು?"

"ಅಲ್ಲ, ನೀವು ಯಾರನ್ನೋ ಅಂದ್ಕೊಂಡಿದ್ದೀರ," ಎಂದೆ.

ಆ ಸುಳ್ಳು ಹೇಳಲು ನನಗೆ ಒಂದು ಕ್ಷಣವೂ ಹಿಡಿಯಲಿಲ್ಲ. ಈ ವಯಸ್ಸಿನಲ್ಲೂ ನನ್ನ ನಾಲಿಗೆ ಅಷ್ಟು ಚುರುಕಾಗಿದೆ. ಆ ನಾಲಿಗೆಯಿಂದಲೇ ನಾನು ಒಂದು ಮಳೆಗಾಲದಲ್ಲಿ ಈ ಮನುಷ್ಯನ ಬದುಕಿಗೆ ಕಲ್ಲು ಹಾಕಿದ್ದು.

ಅದು ಎರಡು ಸಾವಿರದ ಆರನೇ ಇಸವಿಯ ಆಷಾಢ. ನನಗೆ ಇಪ್ಪತ್ತಾರು. ಮೂಡಲಪಾಳ್ಯದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ವೆಬ್ ಪುಟ ಮಾಡುವುದನ್ನು ಕಲಿಸುತ್ತಿದ್ದೆ. ಈ ಕಡೆಯ ಬಡಾವಣೆಗಳಲ್ಲಿ ವೆಬ್‌ಸೈಟ್ ಮಾಡಿ ಹೊಟ್ಟೆ ಹೊರೆಯುತ್ತಿದ್ದ ನಾವೆಲ್ಲ ಸೇರಿ ಒಂದು ಬಳಗ ಕಟ್ಟಿಕೊಂಡಿದ್ದೆವು. ದೊಡ್ಡ ಕಂಪನಿಯವರು ಸ್ಟಾರ್ ಹೋಟೆಲಿನಲ್ಲಿ ಇಂಗ್ಲಿಷಿನ ಸಮ್ಮೇಳನ ಮಾಡಿದರೆ ನಾವು ವರ್ಷಕ್ಕೊಂದು ದಿನ ಇದೇ ಛತ್ರದಲ್ಲಿ ಕನ್ನಡದ ಸಮ್ಮೇಳನ ಮಾಡುತ್ತಿದ್ದೆವು. ಆಷಾಢದಲ್ಲೇ ಯಾಕೆಂದರೆ ಆಗ ಯಾರೂ ಮದುವೆ ಮಾಡುವುದಿಲ್ಲ, ಛತ್ರಗಳು ಖಾಲಿ ಹೊಡೆಯುತ್ತಿರುತ್ತವೆ. ಪ್ಲಾಸ್ಟಿಕ್ ಕುರ್ಚಿ, ಬಾಡಿಗೆ ಪ್ರೊಜೆಕ್ಟರ್, ಮಧ್ಯಾಹ್ನ ಬಿಸಿಬೇಳೆಬಾತು, ಮೊಸರನ್ನ. ನೂರು ಜನ ಸೇರಿದರೆ ನಮಗೆ ಹಬ್ಬ.

ನಮ್ಮ ಸಮ್ಮೇಳನಕ್ಕೆ ಹೆಸರು ಬಂದಿದ್ದು ಭಾಷಣಗಳಿಂದಲ್ಲ, ಚೀಟಿಗಳಿಂದ. ಪ್ರತಿ ಭಾಷಣ ಮುಗಿದ ಮೇಲೆ ಕೇಳಿದವರೆಲ್ಲ ಒಂದೊಂದು ಚೀಟಿಯಲ್ಲಿ ಅಭಿಪ್ರಾಯ ಬರೆಯಬೇಕು, ಹೆಸರು ಹಾಕಬೇಕಾಗಿಲ್ಲ. ಭಾಷಣ ಮಾಡಿದವರು ವೇದಿಕೆಯ ಮೇಲೆಯೇ ನಿಂತಿರಬೇಕು. ಅವರ ಪಕ್ಕದಲ್ಲಿ ಮೈಕು ಹಿಡಿದು ಒಬ್ಬರು ಚೀಟಿಗಳನ್ನು ಗಟ್ಟಿಯಾಗಿ ಓದಬೇಕು. ಈ ಕ್ರಮ ತಂದವನು ನಮ್ಮ ಬಳಗದ ಮಂಜ. "ಹೊಗಳಿದ್ರೆ ಯಾವನೂ ಕಲಿಯಲ್ಲ ಗುರು. ಎಲ್ಲರ ಮುಂದೆ ಉಗಿಸ್ಕೊಂಡ್ರೆ ಜನ್ಮದಲ್ಲಿ ಮರೆಯಲ್ಲ," ಎನ್ನುತ್ತಿದ್ದ. ಓದುತ್ತಿದ್ದವಳು ನಾನು.

ಎಷ್ಟು ಚೆನ್ನಾಗಿ ಓದುತ್ತಿದ್ದೆ ಅಂತೀರಿ! 'ಭಾಷಣ ಮುಗಿದ ಮೇಲೆ ಎಬ್ಬಿಸಿದ ಪಕ್ಕದ ಸೀಟಿನವರಿಗೆ ವಂದನೆಗಳು' ಎಂಬ ಚೀಟಿಯನ್ನು ನಾನು ಆಕಳಿಸುತ್ತ ಓದಿದಾಗ ಜನ ಕುರ್ಚಿಯಿಂದ ಬಿದ್ದು ನಕ್ಕಿದ್ದರು. ಒಳ್ಳೆಯ ಮಾತು ಬರೆದ ಚೀಟಿಗಳನ್ನು ಬಿರುಸಾಗಿ ಓದಿ ಮುಗಿಸಿ, ಚುಚ್ಚುವ ಚೀಟಿ ಬಂದಾಗ ನಿಲ್ಲಿಸಿ, ಹುಬ್ಬೇರಿಸಿ, ಭಾಷಣಕಾರರ ಮುಖವನ್ನೊಮ್ಮೆ ನೋಡಿ ಓದುವುದು ನನ್ನ ಪದ್ಧತಿ. ನಾನು ಚೂರು ದನಿ ತಗ್ಗಿಸಿದರೆ ಸಾಕು, "ಜೋರಾಗಿ ಓದಿ ಮೇಡಮ್, ಹಿಂದೆ ಕೇಳಿಸ್ತಿಲ್ಲ!" ಎಂದು ಕೊನೆಯ ಸಾಲಿನವರು ಕೂಗುತ್ತಿದ್ದರು. ಅದನ್ನು ಕೂಗಿಸುವುದಕ್ಕೆಂದೇ ದನಿ ತಗ್ಗಿಸುತ್ತಿದ್ದೆ. ಹಿಂದಿನ ವರ್ಷ ಒಬ್ಬಳು ಹುಡುಗಿ ಕಣ್ಣೊರೆಸಿಕೊಂಡು ಊಟ ಕೂಡ ಮಾಡದೆ ಹೊರಟುಹೋಗಿದ್ದಳು. ಸಂಜೆ ಕಾಫಿ ಕುಡಿಯುತ್ತ ಅವಳು ಕಣ್ಣೊರೆಸಿಕೊಂಡ ರೀತಿಯನ್ನೂ ನಾನು ಮಾಡಿ ತೋರಿಸಿದ್ದೆ, ಎಲ್ಲರೂ ಮತ್ತೆ ನಕ್ಕಿದ್ದರು.

ಚೀಟಿಗಳನ್ನು ಅಚ್ಚು ಹಾಕಿಕೊಡುತ್ತಿದ್ದವರು ಗಂಗಾಧರಯ್ಯನವರು. ಮನೆ ಕುರುಬರಹಳ್ಳಿ, ಕೆಲಸ ರಾಜಾಜಿನಗರದ ಒಂದು ಪ್ರೆಸ್ಸಿನಲ್ಲಿ. ಮೊದಲು ಅಚ್ಚಿನ ಮೊಳೆ ಜೋಡಿಸುತ್ತಿದ್ದರಂತೆ, ಆಮೇಲೆ ಕಂಪ್ಯೂಟರಿನಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ಕು. ಐವತ್ತಕ್ಕೆ ಹತ್ತಿರವಾಗಿದ್ದ ಆ ಮನುಷ್ಯ ಯಾರ ಹತ್ತಿರವೂ ಪಾಠ ಹೇಳಿಸಿಕೊಳ್ಳದೆ, ಊಟದ ಬಿಡುವಿನಲ್ಲಿ ವೆಬ್ ಪುಟ ಮಾಡುವುದನ್ನು ಕಲಿತಿದ್ದರು. ಆ ವರ್ಷ ಅವರು ತಂದುಕೊಟ್ಟ ಚೀಟಿಗಳ ಮೂಲೆಯಲ್ಲಿ ಕೆಂಪು ಶಾಯಿಯಲ್ಲಿ ಒಂದರಿಂದ ನೂರರವರೆಗೆ ಸಂಖ್ಯೆ ಬಿದ್ದಿತ್ತು. ಒಂದೊಂದು ಭಾಷಣಕ್ಕೂ ಒಂದೊಂದು ನೂರರ ಕಟ್ಟು.

"ಹೆಸರೇ ಬೇಡ ಅಂದ್ಮೇಲೆ ನಂಬರ್ ಯಾಕೆ ಸಾರ್?" ಎಂದು ನಕ್ಕೆ.

"ಬಿಲ್ ಬುಕ್ ಮಾಡಿ ಮಾಡಿ ರೂಢಿಯಮ್ಮ. ಕಟ್ಟು ಅಂದ್ರೆ ನಂಬರ್ ಹಾಕದೆ ನಮ್ ಕೈ ನಿಲ್ಲಲ್ಲ," ಎಂದು ಅವರೂ ನಕ್ಕರು.

ಆ ಶ್ರಾವಣಕ್ಕೆ ಪ್ರೆಸ್ಸು ಮುಚ್ಚುವುದಿತ್ತು. ಮಷೀನು ಆಗಲೇ ಮಾರಾಟವಾಗಿತ್ತು. ಬಸವೇಶ್ವರನಗರದಲ್ಲಿ ವೆಬ್ ಕಂಪನಿ ನಡೆಸುತ್ತಿದ್ದ ಶ್ರೀಕಂಠ ಅನ್ನುವವರಿಗೆ ಕನ್ನಡ ಪುಟಗಳನ್ನು ಮಾಡುವವರೊಬ್ಬರು ಬೇಕಾಗಿದ್ದರು. ಮಂಜ ಗಂಗಾಧರಯ್ಯನವರ ಹೆಸರು ಹೇಳಿದಾಗ, "ಸಮ್ಮೇಳನದಲ್ಲಿ ಮಾತಾಡಲಿ, ಕೇಳಿ ನೋಡ್ತೀನಿ. ಸರಿ ಅನ್ನಿಸಿದ್ರೆ ತಗೊಳ್ತೀನಿ," ಎಂದಿದ್ದರಂತೆ. ಗಂಗಾಧರಯ್ಯನವರು ಇಡೀ ತಿಂಗಳು ಆ ಒಂದು ಭಾಷಣಕ್ಕಾಗಿ ಬದುಕಿದರು. ನಮ್ಮ ಸೆಂಟರಿಗೆ ಬಂದು ಖಾಲಿ ಕ್ಲಾಸಿನಲ್ಲಿ ನನ್ನೆದುರು ಮೂರು ಸಲ ಅಭ್ಯಾಸ ಮಾಡಿದರು. "ಈ ವಯಸ್ಸಲ್ಲಿ ಇನ್ಯಾರ ಬಾಗಿಲು ತಟ್ಲಿ ಶೈಲಮ್ಮ? ಇದೊಂದು ಕೈ ಹಿಡಿದ್ರೆ ಸಾಕು," ಎಂದರು. ವಿಷಯ ನನಗೆ ಅಷ್ಟು ಸ್ಪಷ್ಟವಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಭಾಗ್ಯವೂ ನನಗಿಲ್ಲ.

ಆಗಿನ ಕಂಪ್ಯೂಟರುಗಳಲ್ಲಿ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಸಿ.ಡಿ. ಹಾಕಿ ಅದರಲ್ಲಿದ್ದ ಕನ್ನಡದ ವ್ಯವಸ್ಥೆಯನ್ನು ಇಳಿಸಿಕೊಂಡು, ಕಂಪ್ಯೂಟರನ್ನೊಮ್ಮೆ ಆರಿಸಿ ಮತ್ತೆ ಹಚ್ಚಬೇಕಿತ್ತು. ಕಾಲು ಗಂಟೆಯ ಕೆಲಸ. ಮಾಡದಿದ್ದರೆ ಅಕ್ಷರದ ಬದಲು ಸಾಲುಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ಛತ್ರದ ಕಂಪ್ಯೂಟರನ್ನು ಸಿದ್ಧ ಮಾಡುವ ಹೊಣೆ ನನ್ನದಾಗಿತ್ತು. ಹಿಂದಿನ ದಿನ ಶನಿವಾರ, ಧೋ ಎಂದು ಸುರಿಯುವ ಮಳೆಯಲ್ಲಿ ಗಂಗಾಧರಯ್ಯನವರು ಸಿ.ಡಿ.ಯನ್ನು ಹಾಲಿನ ಕವರಿನಲ್ಲಿ ಸುತ್ತಿಕೊಂಡು ಸೆಂಟರಿಗೆ ಬಂದರು. ಅವರು ತೊಯ್ದು ತೊಪ್ಪೆಯಾಗಿದ್ದರೂ ಸಿ.ಡಿ.ಯ ಮೇಲೆ ಒಂದು ಹನಿ ನೀರಿರಲಿಲ್ಲ.

"ಇದನ್ನ ಹಾಕ್ಲೇಬೇಕು ಶೈಲಮ್ಮ. ಇಲ್ಲಾಂದ್ರೆ ನನ್ ಭಾಷಣ ಪೂರ್ತಿ ಚೌಕ ಆಗೋಗುತ್ತೆ."

"ಹಾಕ್ತೀನಿ ಬಿಡಿ ಸಾರ್, ಎಷ್ಟು ಸಲ ಹೇಳ್ತೀರ," ಎಂದೆ.

ಮರೆತೆ ಎಂದರೆ ಸುಳ್ಳಾಗುತ್ತದೆ. ಆ ಸಂಜೆ ಛತ್ರಕ್ಕೆ ಹೋಗುವ ಬದಲು, ಮರುದಿನ ವೇದಿಕೆ ಮೇಲೆ ಹಾಕಿಕೊಳ್ಳಬೇಕಾಗಿದ್ದ ಹೊಸ ಚೂಡಿದಾರ ತರಲು ಟೈಲರ್ ಅಂಗಡಿಗೆ ಹೋದೆ. ಬೆಳಿಗ್ಗೆ ಛತ್ರಕ್ಕೆ ಬಂದಾಗ ಬ್ಯಾಗಿನಲ್ಲಿ ಸಿ.ಡಿ. ಕೈಗೆ ತಾಕಿತು. ಆಮೇಲೆ ಹಾಕಿದರಾಯಿತು ಎಂದುಕೊಂಡೆ. ಆಮೇಲೆ ಕಾಫಿ ಬಂತು, ಹರಟೆ ಬಂತು, ಮೊದಲ ಭಾಷಣ ಶುರುವಾಯಿತು.

ಗಂಗಾಧರಯ್ಯನವರದು ಊಟಕ್ಕೆ ಮೊದಲಿನ ಕೊನೆಯ ಭಾಷಣ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ. ಮುಂದಿನ ಸಾಲಿನಲ್ಲಿ ಶ್ರೀಕಂಠ ಕೂತಿದ್ದರು. ಗಂಗಾಧರಯ್ಯನವರು ನಮಸ್ಕಾರ ಹೇಳಿ ಮೊದಲ ಪುಟ ತೆರೆದರು. ಪರದೆಯ ತುಂಬ ಚೌಕಗಳು. ಎರಡನೆಯ ಪುಟ, ಚೌಕಗಳು. ಮೂರನೆಯದೂ ಅಷ್ಟೆ. ಹಿಂದಿನ ಸಾಲಿನಲ್ಲಿ ಕಿಸಕ್ಕೆಂದು ಯಾರೋ ನಕ್ಕರು. ಗಂಗಾಧರಯ್ಯನವರು ಮೈಕನ್ನು ಕೈಯಿಂದ ಮುಚ್ಚಿ ನನ್ನ ಕಡೆ ಬಗ್ಗಿದರು.

"ಶೈಲಮ್ಮ, ಸಿ.ಡಿ. ಹಾಕಿದ್ರಿ ತಾನೆ?"

"ಹಾಕಿದ್ದೀನಿ ಸಾರ್," ಎಂದೆ.

ಅವರು ನಂಬಿದರು! ಸಭೆಯ ಕಡೆ ತಿರುಗಿ, "ಕ್ಷಮಿಸಬೇಕು, ನಾನೇ ಎಲ್ಲೋ ತಪ್ಪು ಮಾಡಿದೀನಿ ಅನ್ಸುತ್ತೆ," ಎಂದರು. ಆಮೇಲೆ ಇಪ್ಪತ್ತು ನಿಮಿಷ ಆ ಚೌಕಗಳ ಮುಂದೆ ನಿಂತು, ಇಲ್ಲಿ ಹೀಗೆ ಕಾಣಬೇಕಿತ್ತು, ಇಲ್ಲಿ ಈ ಒತ್ತಕ್ಷರ ಬರಬೇಕಿತ್ತು ಎಂದು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದರು. ಕಂಕುಳಲ್ಲಿ ಅಂಗಿ ಒದ್ದೆಯಾಗಿತ್ತು. ಒಂದು ಮಾತು ಹೇಳಿ ಸಿ.ಡಿ. ಹಾಕಿದ್ದರೆ ಮುಗಿದುಹೋಗುತ್ತಿತ್ತು. ನನ್ನ ತಪ್ಪೆಂದು ನೂರು ಜನರೆದುರು ಒಪ್ಪಿಕೊಳ್ಳಲು ನನಗೆ ಅವಮಾನವಾಗುತ್ತಿತ್ತು, ಅದಕ್ಕೇ ಸುಮ್ಮನಿದ್ದೆ.

ಊಟದ ಕೂಪನ್ ಬೇಕಾದರೆ ಚೀಟಿ ಕೊಡಲೇಬೇಕೆಂದು ಮಂಜ ಬಾಗಿಲಲ್ಲಿ ನಿಂತಿದ್ದ. ಹಾಗಾಗಿ ನೂರಕ್ಕೆ ನೂರೂ ಚೀಟಿ ಸ್ಟೀಲ್ ತಟ್ಟೆಗೆ ಬಂದು ಬಿದ್ದವು. ಶ್ರೀಕಂಠರು ಏನೋ ಅವಸರವೆಂದು ಚೀಟಿ ಬರೆದು ತಟ್ಟೆಗೆ ಹಾಕಿ, ಊಟಕ್ಕೂ ನಿಲ್ಲದೆ ಮಳೆಯಲ್ಲೇ ಕಾರು ಹತ್ತಿದರು. ಅವರು ಎದ್ದು ಹೋದದ್ದನ್ನು ಗಂಗಾಧರಯ್ಯನವರು ನೋಡುತ್ತಲೇ ಇದ್ದರು. ನಾನು ಮೈಕು ತೆಗೆದುಕೊಂಡೆ.

'ಕನ್ನಡ ನೋಡೋಣ ಅಂತ ಬಂದ್ವಿ, ಬಾತ್‌ರೂಮ್ ಟೈಲ್ಸ್ ತೋರಿಸಿದ್ರು.' ಸಭೆ ಗೊಳ್ಳೆಂದಿತು. 'ಚೌಕ ಚೆನ್ನಾಗಿದೆ, ಚೌಕಾಬಾರ ಆಡಬಹುದು.' ಮತ್ತೆ ನಗು. 'ಅಂಕಲ್, ಲಗ್ನಪತ್ರಿಕೆ ಮಾಡ್ಕೊಂಡು ಮನೇಲಿರಿ.' ಇದನ್ನು ನಾನು ಒಂದೊಂದೇ ಪದ ಬಿಡಿಸಿ, ಕೈಯಲ್ಲೇ ಪತ್ರಿಕೆ ಹಂಚುವವಳಂತೆ ಮಾಡಿ ಓದಿದೆ. "ಜೋರಾಗಿ ಓದಿ ಮೇಡಮ್, ಹಿಂದೆ ಕೇಳಿಸ್ತಿಲ್ಲ!" ಇನ್ನೊಮ್ಮೆ ಓದಿದೆ. ಅವತ್ತು ನಾನು ಎಂದಿಗಿಂತ ಚೆನ್ನಾಗಿ ಓದಿದೆ. ಅವರನ್ನು ನೋಡಿ ಜನ ನಗುತ್ತಿರುವವರೆಗೆ ಕಂಪ್ಯೂಟರಿನ ಮಾತು ಯಾರಿಗೂ ನೆನಪಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಗಂಗಾಧರಯ್ಯನವರು ಕೈಕಟ್ಟಿ ನಿಂತು, ಪ್ರತಿ ಚೀಟಿಗೂ ಸರಿ ಸರಿ ಎಂದು ತಲೆಯಾಡಿಸುತ್ತಿದ್ದರು.

ಆಗ ಆ ಚೀಟಿ ಕೈಗೆ ಬಂತು. ಮೊದಲ ಸಾಲು ಹೀಗಿತ್ತು: 'ಇದು ಇವರ ತಪ್ಪಲ್ಲ. ಕಂಪ್ಯೂಟರ್ ಸಿದ್ಧ ಮಾಡಿದವರಿಗೆ ನಾಚಿಕೆಯಾಗಬೇಕು.' ಮುಖಕ್ಕೆ ಬಿಸಿನೀರು ಎರಚಿದಂತಾಯಿತು. ಕೆಳಗೆ ಇನ್ನೂ ಏನೋ ಬರೆದಿತ್ತು, ನೋಡುವ ಧೈರ್ಯವಾಗಲಿಲ್ಲ.

"ಇದು ಖಾಲಿ," ಎಂದು ಮೈಕಿನಲ್ಲಿ ಹೇಳಿ ಮುಂದಿನದಕ್ಕೆ ಹೋದೆ. ಮುಗಿದ ಮೇಲೆ ಅದನ್ನು ಮಾತ್ರ ಬ್ಯಾಗಿಗೆ ತುರುಕಿ, ಉಳಿದ ಕಟ್ಟನ್ನು ವಾಡಿಕೆಯಂತೆ ಭಾಷಣಕಾರರ ಕೈಗೆ ಕೊಟ್ಟೆ.

ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಾಗ ಅವರು ಬಂದರು. ಚೀಟಿಗಳನ್ನೆಲ್ಲ ಸಂಖ್ಯೆಯ ಪ್ರಕಾರ ಜೋಡಿಸಿಯಾಗಿತ್ತು.

"ಅರವತ್ತಮೂರು ಇಲ್ವಲ್ಲಮ್ಮ."

"ಯಾರೋ ಮನೆಗೆ ತಗೊಂಡು ಹೋಗಿರ್ತಾರೆ ಬಿಡಿ ಸಾರ್."

"ಒಂದು ಖಾಲಿ ಅಂದ್ರಲ್ಲ ನೀವು? ಇದರಲ್ಲಿ ಖಾಲಿ ಚೀಟಿ ಒಂದೂ ಇಲ್ಲ. ಅದೇ ಇರ್ಬೇಕು ಅರವತ್ತಮೂರು."

"ಖಾಲಿ ಚೀಟಿ ಇಟ್ಕೊಂಡು ಏನು ಮಾಡ್ತೀರಿ ಸಾರ್? ಊಟ ಮಾಡಿ, ಬಾತು ತಣ್ಣಗಾಗುತ್ತೆ," ಎಂದೆ. ಪಕ್ಕದಲ್ಲಿದ್ದವರು ಅದಕ್ಕೂ ನಕ್ಕರು. ಅವರು ನನ್ನ ಬ್ಯಾಗನ್ನೊಮ್ಮೆ ನೋಡಿದರು. ಊಟ ಮಾಡಲಿಲ್ಲ.

ಮನೆಗೆ ಹೋಗುವಾಗ ಬಸ್ಸಿನಲ್ಲಿ ಚೀಟಿ ಬಿಡಿಸಿದೆ. ಕಿಟಕಿಯಿಂದ ಇರಚಲು ಹೊಡೆಯುತ್ತಿತ್ತು. ಎರಡನೆಯ ಸಾಲು: 'ಇವರಿಗೆ ಕೆಲಸ ಗೊತ್ತಿದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಆಫೀಸಿಗೆ ಕಳಿಸಿ. ಶ್ರೀಕಂಠ.' ಎಲ್ಲರೆದುರು ಗಟ್ಟಿಯಾಗಿ ಓದುತ್ತಾರಲ್ಲ, ತಲುಪಿಯೇ ತಲುಪುತ್ತದೆ ಎಂದು ಅವರು ಬರೆದಿಟ್ಟು ಹೋಗಿದ್ದರು.

ಸೋಮವಾರ ಒಂಬತ್ತು ಗಂಟೆಗೆ ಸೆಂಟರಿನಿಂದ ಪ್ರೆಸ್ಸಿಗೆ ಫೋನ್ ಮಾಡಿದೆ. ಗಂಗಾಧರಯ್ಯನವರೇ ಎತ್ತಿದರು. "ಹಲೋ... ಹಲೋ, ಯಾರು ಮಾತಾಡೋದು?" ಹೇಳಬಹುದಿತ್ತು. ಹೇಳಿದರೆ, ಚೀಟಿಯಲ್ಲಿ ಬರೆದಿತ್ತು ಎನ್ನಬೇಕು. ಚೀಟಿ ಎಂದರೆ ಕೊಡಿ ಎನ್ನುತ್ತಾರೆ. ಕೊಟ್ಟರೆ ಮೊದಲ ಸಾಲು ಓದುತ್ತಾರೆ. ಫೋನ್ ಇಟ್ಟುಬಿಟ್ಟೆ. ಗೋಡೆ ಗಡಿಯಾರದಲ್ಲಿ ಹತ್ತು ಹೊಡೆಯಿತು, ಹನ್ನೊಂದು ಹೊಡೆಯಿತು. ನಾನು ಮಕ್ಕಳಿಗೆ ಪಾಠ ಮಾಡಿದೆ.

ಇನ್ನೂ ಇದೆ, ಕೇಳಿ. ಎರಡು ವಾರ ಬಿಟ್ಟು ಶ್ರೀಕಂಠರು ನನ್ನನ್ನೇ ಕರೆಸಿದರು. "ಆ ಪ್ರೆಸ್ಸಿನವರಿಗೆ ಬರ್ಲಿ ಅಂತ ಬರೆದಿಟ್ಟು ಬಂದಿದ್ದೆ. ಬರಲೇ ಇಲ್ವಲ್ಲಮ್ಮ?" ಎಂದರು.

"ಅವರಿಗೆ ಅಷ್ಟು ಇಷ್ಟ ಇಲ್ಲ ಅಂತ ಕಾಣುತ್ತೆ ಸಾರ್. ವಯಸ್ಸಾಯ್ತಲ್ಲ," ಎಂದೆ.

ಕೆಲಸ ನನಗೆ ಸಿಕ್ಕಿತು. ಹನ್ನೊಂದು ವರ್ಷ ಅಲ್ಲಿದ್ದೆ. ಮೊದಲ ದಿನ ಅಲ್ಲಿನ ಕಂಪ್ಯೂಟರಿಗೆ ಕನ್ನಡ ಹಾಕಿದ್ದು ಗಂಗಾಧರಯ್ಯನವರ ಸಿ.ಡಿ.ಯಿಂದಲೇ. ಅದು ಇನ್ನೂ ನನ್ನ ಬ್ಯಾಗಿನಲ್ಲಿ ಹಾಲಿನ ಕವರಿನೊಳಗೇ ಇತ್ತು. ಪ್ರೆಸ್ಸು ಶ್ರಾವಣಕ್ಕೆ ಮುಚ್ಚಿತು. ಅವರು ಏನಾದರೆಂದು ನಾನು ಯಾರನ್ನೂ ಕೇಳಲಿಲ್ಲ, ಆ ರಸ್ತೆಗೆ ಕಾಲೂ ಇಡಲಿಲ್ಲ. ಚೀಟಿಯನ್ನು ಮಾತ್ರ ಹರಿದು ಹಾಕಲಾಗಲಿಲ್ಲ. ನನ್ನ ಮಾರ್ಕ್ಸ್ ಕಾರ್ಡುಗಳ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ಪಶ್ಚಾತ್ತಾಪವೆಂದು ದಯವಿಟ್ಟು ತಿಳಿಯಬೇಡಿ. ಪಶ್ಚಾತ್ತಾಪವಾಗಿದ್ದರೆ ಈ ಹದಿನೆಂಟು ವರ್ಷದಲ್ಲಿ ಒಂದು ದಿನವಾದರೂ ಕುರುಬರಹಳ್ಳಿಯ ಅವರ ಮನೆಗೆ ಹೋಗಿರುತ್ತಿದ್ದೆ.

ಅಕ್ಕನ ಮಗಳ ಮದುವೆಯಲ್ಲಿ ಎರಡು ದಿನವೂ ನಾನು ಗಂಗಾಧರಯ್ಯನವರ ಕಣ್ಣು ತಪ್ಪಿಸಿಕೊಂಡೇ ಓಡಾಡಿದೆ. ಪ್ರೆಸ್ಸು ಮುಚ್ಚಿದ ಮೇಲೆ ಕೆಲಸಕ್ಕೆ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಈ ಛತ್ರದಲ್ಲೇ ನಿಂತರಂತೆ. ಲಗ್ನವಿದ್ದ ದಿನವೆಲ್ಲ ಹೆಸರು ಕತ್ತರಿಸಿ ಚುಚ್ಚುವುದು, ಮುಗಿದ ಮೇಲೆ ಕೀಳುವುದು. ಅಡುಗೆಯವರು ಹೇಳಿದ್ದು. ಅಂದರೆ ನಾನು ಅವರನ್ನು ನಗೆಪಾಟಲು ಮಾಡಿದ ಅದೇ ವೇದಿಕೆಯ ಮೇಲೆ ಅವರು ಇಷ್ಟು ವರ್ಷ ಕಂಡವರ ಹೆಸರು ಬರೆದಿದ್ದಾರೆ. ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ.

ಮದುವೆಯ ಮಾರನೆಯ ಬೆಳಿಗ್ಗೆ ಚೀಟಿ ತೆಗೆದುಕೊಂಡು ಹೋದೆ. ಛತ್ರ ಖಾಲಿಯಿತ್ತು. ಅವರು ಸ್ಟೂಲಿನ ಮೇಲೆ ನಿಂತು ಹುಡುಗನ ಹೆಸರು ಕೀಳುತ್ತಿದ್ದರು. ನನ್ನನ್ನು ನೋಡಿ ಇಳಿದರು.

"ಅರವತ್ತಮೂರು ತಂದ್ರಾ?"

ಕೊಟ್ಟೆ. ಮೊದಲು ಮೂಲೆಯ ಕೆಂಪು ಸಂಖ್ಯೆ ನೋಡಿದರು, ಆಮೇಲೆ ಕನ್ನಡಕ ಹಾಕಿಕೊಂಡು ಓದಿದರು. ಎರಡು ಸಾಲು ಓದಲು ಬಹಳ ಹೊತ್ತು ತೆಗೆದುಕೊಂಡರು.

"ತಪ್ಪಾಯ್ತು ಸಾರ್," ಎಂದೆ.

"ಚೌಕದ ವಿಷ್ಯ ನಂಗೆ ಅವತ್ತೇ ಗೊತ್ತಾಯ್ತು. ಸಾಯಂಕಾಲ ಅದೇ ಪುಟಗಳನ್ನ ಪ್ರೆಸ್ಸಿನ ಕಂಪ್ಯೂಟರಲ್ಲಿ ಹಾಕಿ ನೋಡ್ದೆ, ಎಲ್ಲಾ ಸರಿಯಾಗೇ ಇತ್ತು. ಸೋಮವಾರದ್ದು ಗೊತ್ತಿರ್ಲಿಲ್ಲ." ಕನ್ನಡಕ ತೆಗೆದು ಜೇಬಿಗಿಟ್ಟರು. "ಅವತ್ತು ಫೋನ್ ಬಂದಿತ್ತು, ಯಾರೂ ಮಾತಾಡ್ಲಿಲ್ಲ. ನೀವೇನಾ?"

ಹೌದೆಂದು ತಲೆಯಾಡಿಸಿದೆ. ಬಯ್ಯುತ್ತಾರೆಂದು ಕಾದೆ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವರು ಚೀಟಿಯನ್ನು ನನ್ನ ಕೈಗೆ ವಾಪಸ್ ಕೊಟ್ಟರು.

"ಮೇಲೆ ಹೋಗಿ. ಓದಿ."

"ಸಾರ್..."

"ಎಲ್ಲಾ ಓದಿದ್ರಿ, ಇದೊಂದು ಬಾಕಿ ಇದೆ. ಓದಿ."

ಅವರು ಮಂಡಿ ಹಿಡಿದುಕೊಂಡು, ಕುರ್ಚಿಗಳ ನಡುವೆ ನಿಧಾನವಾಗಿ ನಡೆದು, ಕೊನೆಯ ಸಾಲಿನಲ್ಲಿ ಕೂತರು. ನಾನು ವೇದಿಕೆ ಹತ್ತಿದೆ. ಹಿಂದೆ ಪರದೆಯ ಮೇಲೆ ಅಕ್ಕನ ಮಗಳ ಹೆಸರು ಇನ್ನೂ ಹಾಗೇ ಇತ್ತು. ಕೆಳಗೆ ಕುರ್ಚಿಗಳು ಸಾಲುಗಟ್ಟಿ ನನ್ನ ಕಡೆ ಮುಖ ಮಾಡಿದ್ದವು.

"ಇದು ಇವರ ತಪ್ಪಲ್ಲ," ಎಂದೆ.

"ಜೋರಾಗಿ ಓದಿ ಮೇಡಮ್. ಹಿಂದೆ ಕೇಳಿಸ್ತಿಲ್ಲ."

ಮತ್ತೆ ಶುರು ಮಾಡಿದೆ. ನಾಚಿಕೆಯಾಗಬೇಕು ಎಂಬಲ್ಲಿಗೆ ಬಂದಾಗ ದನಿ ಒಡೆಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಬಾಗಿಲಿಗೆ ಬಂದು ನಿಂತರು.

"ಕೇಳಿಸ್ತಿಲ್ಲ."

ಮೂರನೆಯ ಸಲ ಕೂಗಿಕೊಂಡೇ ಓದಿದೆ. "ಇದು ಇವರ ತಪ್ಪಲ್ಲ. ಕಂಪ್ಯೂಟರ್ ಸಿದ್ಧ ಮಾಡಿದವರಿಗೆ ನಾಚಿಕೆಯಾಗಬೇಕು. ಇವರಿಗೆ ಕೆಲಸ ಗೊತ್ತಿದೆ. ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಆಫೀಸಿಗೆ ಕಳಿಸಿ."

ಗಂಗಾಧರಯ್ಯನವರು ಎದ್ದರು. ವೇದಿಕೆಗೆ ಬಂದು ನನ್ನ ಕೈಯಿಂದ ಚೀಟಿ ತೆಗೆದುಕೊಂಡು, ಮಡಿಸಿ ಅಂಗಿಯ ಜೇಬಿಗೆ ಹಾಕಿದರು.

"ಈಗ ಕೇಳಿಸ್ತು," ಎಂದರು. "ಸ್ವಲ್ಪ ಆ ಕಡೆ ನಿಂತ್ಕೊಳ್ಳಿ, ಈ ಹೆಸರು ಕೀಳ್ಬೇಕು."